ಬಿಡು ಅನ್ನುವವರೆಗೆ

ಕಲ್ಲು ಪಾಲಿಶ್ ಕಾರ್ಖಾನೆಯ ಗೋಡೆಗೆ ಬಡಿದ ಫಲಕದ ಮೇಲೆ ತನ್ನ ಹೆಸರಿದೆ ಎಂಬುದು ನಾಹಿದಳಿಗೆ ಕೂಡಲೇ ಹೊಳೆಯಲಿಲ್ಲ. ಅವಳು ಓದುವುದೇ ಹಾಗೆ. ಒಂದೊಂದು ಅಕ್ಷರವನ್ನೂ ಫರಸಿ ಕಲ್ಲಿನ ಅಂಚು ಸವರಿದ ಹಾಗೆ ಸವರಿ, ಒಡಕಿಲ್ಲವೆಂದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಹೋಗುವುದು. ಗುಮಾಸ್ತ ಸಂಗಮೇಶ್ವರ ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, ಫಲಕ ಸೊಟ್ಟಗಿಲ್ಲವೆಂದು ನೋಡಿಕೊಂಡು ಆಫೀಸಿನ ಒಳಗೆ ಹೋಗಿದ್ದ. ಬಿಳಿಯ ಮೇಲೆ ನೀಲಿ ಅಕ್ಷರ. ಮೇಲಿನ ಸಾಲಿನಲ್ಲಿದ್ದ 'ಲೈಂಗಿಕ' ಎಂಬ ಶಬ್ದವನ್ನು ಅವಳು ಅರ್ಧಕ್ಕೇ ಬಿಟ್ಟು, ತಾನು ಅದನ್ನು ಓದುತ್ತಿದ್ದದ್ದನ್ನು ಯಾರಾದರೂ ಕಂಡರೇನೋ ಎಂದು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಎಂಟು ಗಂಟೆಗೇ ಬಿಸಿಲು ಕಲ್ಲುಗಳ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಕೆಳಗಿನ ಸಾಲುಗಳು ಸುಲಭವಾಗಿದ್ದವು. ಆಂತರಿಕ ದೂರು ಸಮಿತಿ. ಒಂದು, ಮಹಾದೇವಮ್ಮ, ಅಧ್ಯಕ್ಷೆ. ಅವರು ಸಾಹುಕಾರರ ಅತ್ತಿಗೆ. ವರ್ಷಕ್ಕೊಮ್ಮೆ ಮಷಿನ್ ಪೂಜೆಗೆ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಪೇಡೆ ಹಂಚಿ ಹೋಗುವವರು. ಎರಡು, ನಾಹಿದ, ಭಂಕೂರ, ಸದಸ್ಯೆ. ಭಂಕೂರಿನಲ್ಲಿ ಇನ್ನೊಬ್ಬ ನಾಹಿದ ಇದ್ದಳು, ಬಳೆಗಾರರ ಮಗಳು, ವಾಡಿ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಅವಳಿರಬೇಕು ಎಂದುಕೊಂಡು ನಾಹಿದ ಮುಂದಕ್ಕೆ ಹೋದಳು. ಮೂರು, ಅಂಬರಾಯ, ಸದಸ್ಯ. ನಾಲ್ಕು, ಚಿತ್ತಾಪುರದ ಯಾವುದೋ ಸಂಘದ ಒಬ್ಬ ಹೆಂಗಸು. ಮೂರನೆಯ ಹೆಸರಿನಿಂದ ಅವಳು ಎರಡನೆಯದಕ್ಕೆ ಹಿಂದಿರುಗಿದಳು. ವಾಡಿಯ ನಾಹಿದ ಜನ್ಮದಲ್ಲಿ ಕಲ್ಲು ಮುಟ್ಟಿದವಳಲ್ಲ.

ಶಾಲೆಯಲ್ಲಿ ಹಾಜರಿ ಕೂಗುವಾಗ ತನ್ನ ಹೆಸರು ಬರುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತಲ್ಲ, ಹಾಗೆ ಹೊಡೆದುಕೊಂಡಿತು. ಏಳನೆಯ ಇಯತ್ತೆ ಮುಗಿಸಿ ಬಿಟ್ಟ ಶಾಲೆ. ಅಲ್ಲಿಂದ ಅವಳು ಹೊತ್ತುಕೊಂಡು ಬಂದದ್ದು ಒಂದು ಸಹಿ ಮಾತ್ರ: ಹೆಸರು, ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಕಾರ್ಖಾನೆಯ ಹೆಂಗಸರಲ್ಲಿ ಸಹಿ ಬರುವವಳು ಅವಳೊಬ್ಬಳೇ. ಉಳಿದವರು ನೀಲಿ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿ, ಕಲ್ಲಿಗೆ ಒರೆಸಿಕೊಂಡು ನಗುವಾಗ ಅವಳು ಪೆನ್ನು ಹಿಡಿಯುತ್ತಿದ್ದಳು. ಹಿಡಿಯುವ ಮೊದಲು ಓಢಣಿಯಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಸಂಗಮೇಶ್ವರ ಕರೆದಿದ್ದ. "ನಾಹಿದಮ್ಮಾ, ನಿನಗ ಸಹಿ ಬರತದಲ್ಲ? ಇಲ್ಲೊಂದು ಒಗಿ. ಕಾನೂನಿಗೆ ಒಬ್ಬಾಕಿ ಹೆಣ್ಣಮಗಳು ಬೇಕಂತ." ಏನಕ್ಕೆ ಎಂದು ಅವಳು ಕೇಳಿರಲಿಲ್ಲ. ಕೇಳಿದರೆ ಸಹಿ ಬರುವವಳಿಗೆ ಓದಲು ಬರುವುದಿಲ್ಲವೇ ಎಂದಾನು ಎನಿಸಿತ್ತು. ಮತ್ತೆ ಜನವರಿಯ ಕೊನೆಗೆ ಇನ್ನೊಂದು ಕಾಗದ. ಅದರಲ್ಲಿ ಗೆರೆ ಎಳೆದ ಚೌಕ ಮನೆಗಳಿದ್ದವು, ಮನೆಮನೆಗೂ ಸಂಗಮೇಶ್ವರ ಮೊದಲೇ ಬರೆದಿಟ್ಟಿದ್ದ: ಇಲ್ಲ, ಇಲ್ಲ, ಇಲ್ಲ. ಅಷ್ಟು ಇಲ್ಲಗಳ ಕೆಳಗೆ ಅವಳು ಗೆರೆ ಎಳೆದು ಎರಡು ಚುಕ್ಕೆ ಇಟ್ಟಿದ್ದಳು. ಆಗ ಜೊತೆಗೆ ಕಲ್ಲು ಹೊರುತ್ತಿದ್ದ ಉಮಾದೇವಿಯ ಕಾಲಿನ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ.

"ಏ, ಓದೋದೇ ಆತೇನು? ಜೋಡಿ ಹಚ್ಚಾಕತ್ತೀನಿ, ಬರ್ರಿ," ಅಂಬರಾಯ ಕೂಗಿದ. ಅವನು ಮುಕಾದಮ, ಆಳುಗಳ ಮೇಲ್ವಿಚಾರಕ. ದಿನಾ ಬೆಳಿಗ್ಗೆ ಮಷಿನ್ನಿನ ಮುಂದೆ ನಿಂತು ಜೋಡಿ ಹಚ್ಚುವವನು ಅವನೇ: ನೀನು ಅವಳ ಕೂಡ, ಅವಳು ಇವನ ಕೂಡ. ಪಾಲಿಶ್ ಆದ ಫರಸಿಯನ್ನು ಒಬ್ಬರು ಎತ್ತಲಾಗದು. ಇಬ್ಬರು ಎದುರುಬದುರು ನಿಂತು, ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ಕೆಳಗಿನ ಅಂಚಿಗೆ ಅಂಗೈ ಕೊಟ್ಟು, ಅಡ್ಡಡ್ಡ ಹೆಜ್ಜೆ ಇಡುತ್ತ ಹೋಗಿ, ಸಾಲಿನಲ್ಲಿ ಒರಗಿಸಬೇಕು. ಎರಡು ಫೂಟಿನ ಕಲ್ಲಾದರೆ ನಾಲ್ಕು ಕೈಗಳೂ ಒಂದು ಗೇಣಿನೊಳಗೆ ಇರುತ್ತವೆ. ಸಾಲಿನ ಕಡೆ ನಿಂತವನಿಗೆ ಕಲ್ಲು ಕಟ್ಟಿಗೆಯ ಪಟ್ಟಿಯ ಮೇಲೆ ಕೂತದ್ದು ಕಾಣುತ್ತದೆ, ಎದುರಿನವರಿಗೆ ಕಾಣುವುದಿಲ್ಲ. ಅದಕ್ಕೇ ಒಂದು ನೇಮ. ಸಾಲಿನ ಕಡೆಯವನು 'ಬಿಡು' ಅನ್ನಬೇಕು; ಅನ್ನುವವರೆಗೆ ಎದುರಿನವರು ಕೈ ತೆಗೆಯಬಾರದು. ಕೆಲಸಕ್ಕೆ ಬಂದ ಮೊದಲ ದಿನ ಅವಳಿಗೆ ಕಲಿಸಿದ್ದು ಅದೊಂದೇ. ಕಾಲು ಬೇಕಿದ್ದರೆ ಬಿಡು ಅನ್ನುವವರೆಗೆ ಬಿಡಬೇಡ. ಕಲಿಸಿದವಳು ಉಮಾದೇವಿ.

ಅಂಬರಾಯ ಕಲ್ಲು ಎತ್ತಬೇಕೆಂದಿಲ್ಲ. ಆದರೂ ವಾರದಲ್ಲಿ ಎರಡು ಮೂರು ದಿನ, ಒಬ್ಬರು ಕಡಿಮೆ ಇದ್ದಾರೆಂದು ತೋಳೇರಿಸಿ, "ಬಾ ತಂಗಿ, ನಾ ಹಿಡೀತೀನಿ," ಅನ್ನುತ್ತಿದ್ದ. ಅವನು ಯಾವಾಗಲೂ ಸಾಲಿನ ಕಡೆಯೇ ನಿಲ್ಲುವುದನ್ನು ನಾಹಿದ ಕಂಡಿದ್ದಳು. ಅವಳಿಗೆ ಎಲ್ಲವೂ ಕಾಣುತ್ತಿತ್ತು. ಮಾತಾಡದವರಿಗೆ ನೋಡುವುದೊಂದೇ ಉಳಿಯುತ್ತದೆ. ಕಲ್ಲು ಪಟ್ಟಿಯ ಮೇಲೆ ಕೂತ ಸಣ್ಣ ಸದ್ದು ಅವಳಿಗೆ ಕೇಳುತ್ತಿತ್ತು. ಆಮೇಲೂ ಅವನು ಬಿಡು ಅನ್ನುತ್ತಿರಲಿಲ್ಲ. ಕಲ್ಲಿನ ಹಿಂದೆ ಕೈಗಳು ಏನು ಮಾಡುತ್ತಿವೆ ಎಂಬುದು ಕಾಣದಿದ್ದರೂ ಎದುರು ನಿಂತ ಹೆಂಗಸಿನ ಕುತ್ತಿಗೆ ಕಾಣುತ್ತಿತ್ತು, ಅದರ ನರ ಕಾಣುತ್ತಿತ್ತು. ಒಂದು ಮಧ್ಯಾಹ್ನ, ಎಳ್ಳಮಾಸಿ ಹಬ್ಬಕ್ಕೆ ಇನ್ನೂ ಎಂಟು ದಿನ ಇದ್ದಾಗ, ಬೇವಿನ ಗಿಡದ ಕೆಳಗೆ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ ಉಮಾದೇವಿ ಅಂದಿದ್ದಳು: "ಅಂವ ಬಿಡು ಅನ್ನೋದೇ ಇಲ್ಲ ನೋಡ್ ತಂಗಿ. ಕಲ್ಲು ಕುಂತ್ರೂ ಅನ್ನೋದಿಲ್ಲ. ನನ್ನ ಬೆರಳು ಎಣಿಸಾಕತ್ತಿರ್ತಾನ, ಹತ್ತೂ ಅದಾವೋ ಇಲ್ಲೋ ಅಂತ." ಆ ಕಡೆಯ ಮಾತನ್ನು ಅವಳು ಅಂಬರಾಯನ ದನಿಯಲ್ಲಿ, ಮೂಗಿನಿಂದ ಅಂದಿದ್ದಳು. ನಾಹಿದ ನಕ್ಕಿದ್ದಳು. ರೊಟ್ಟಿ ಗಂಟಲಿಗೆ ಸಿಕ್ಕುವಷ್ಟು ನಕ್ಕಿದ್ದಳು. ಉಮಾದೇವಿ ಅವಳ ಬೆನ್ನು ತಟ್ಟಿ ನೀರು ಕೊಟ್ಟಿದ್ದಳು. ಆ ನಗು ಈಗ ಬೇಕೆಂದರೂ ಬೇಡವೆಂದರೂ ಬರುತ್ತದೆ. ರಾತ್ರಿಯಲ್ಲಲ್ಲ, ಪಾತ್ರೆ ತಿಕ್ಕುವಾಗ, ಅಮ್ಮಿಗೆ ಗುಳಿಗೆ ಕೊಡುವಾಗ, ಆಟೋದಲ್ಲಿ ಎಲ್ಲರ ನಡುವೆ ಒತ್ತಿ ಕೂತಾಗ, ಕಿವಿಯೊಳಗೆ ತನ್ನದೇ ನಗು.

ಹನ್ನೊಂದಕ್ಕೆ ಕಲಬುರಗಿಯಿಂದ ವಕೀಲೆ ಬಂದರು. ಲತೀಫಾ ಮೇಡಂ ಎಂದು ಹೆಸರು. ಹತ್ತಿಯ ಸೀರೆ, ಕಾಲಿಗೆ ಬೂಟು. ರಾಡಿ ಕಂಡರೂ ಸೀರೆ ಎತ್ತಿಕೊಳ್ಳದೆ ನಡೆದು ಬಂದರು. ಅದನ್ನು ನೋಡಿ ನಾಹಿದಳಿಗೆ ಯಾಕೋ ಅಳು ಬಂದಂತಾಯಿತು. ಮಷಿನ್ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೊಸಬರ ಹಾಗೆ ಕಂಡರು. ತಗಡಿನ ನೆರಳಿನಲ್ಲಿ ಗೋಣಿಚೀಲ ಹಾಸಿ ಹೆಂಗಸರನ್ನು ಮುಂದೆ ಕೂರಿಸಿ, ಗಂಡಸರು ಹಿಂದೆ ಕಲ್ಲುಗಳ ಮೇಲೆ ಕೂತರು. ಅಂಬರಾಯ ತಾನೇ ಚಹಾ ತಂದು, ಎರಡೂ ಕೈಯಲ್ಲಿ ಮೇಡಂಗೆ ಕೊಟ್ಟ.

"ಐದು ನೆನಪಿಟ್ಟುಕೊಳ್ರಿ, ಒಂದ್ ಕೈಯಾಗ ಹಿಡೀತಾವ," ಎಂದು ಮೇಡಂ ಬೆರಳು ಎತ್ತಿದರು. "ಒಂದು, ಮೈ ಮುಟ್ಟೋದು, ಮುಟ್ಟಾಕ ಬರೋದು. ಎರಡು, ನನ್ನ ಮಾತು ಕೇಳಿದ್ರ ನಿನ್ನ ಕೆಲಸ ಉಳೀತದ ಅಂತ ಕೇಳೋದು. ಮೂರು, ಹೊಲಸು ಮಾತು, ನಗಚಾಟಿಕಿಗೆ ಅಂದ್ರೂನೂ. ನಾಕು, ಮೊಬೈಲ್‌ನ್ಯಾಗ ಹೊಲಸು ಚಿತ್ರ ತೋರಿಸೋದು. ಐದು, ಇವ್ಯಾವೂ ಅಲ್ಲ, ಆದ್ರ ನಿಮಗ ಬ್ಯಾಡನಸೋ ಹಂಗ ನೋಡೋದು, ಕಣ್ಸನ್ನಿ ಮಾಡೋದು, ದಾರಿಗೆ ಅಡ್ಡ ನಿಂದ್ರೋದು."

ಮಷಿನ್ನಿಗೆ ನೀರಿನ ಪೈಪು ಹಿಡಿಯುವ ಮುದುಕಿ ಚಾಂದ್‌ಬೀ ಕೈ ಎತ್ತಿದಳು. "ಮೇಡಂ, ನನ್ನ ನೋಡೋರೇ ಇಲ್ಲಲ್ರಿ. ನಾ ಯಾರ ಮ್ಯಾಲ ಕೇಸ್ ಹಾಕ್ಲಿ?"

ತಗಡು ಅಲುಗುವಷ್ಟು ನಗೆ. ಮೇಡಂ ಕೂಡ ನಕ್ಕರು. ನಾಹಿದ ಮಾತ್ರ ಓಢಣಿಯ ಒಳಗೆ ಬೆರಳು ಮಡಚುತ್ತಿದ್ದಳು. ಮೊದಲನೆಯದು ಮಡಚಿತು. ಎರಡನೆಯದು, ಅದೂ ಒಮ್ಮೆ ಕಿವಿಗೆ ಬಿದ್ದಿತ್ತು. ಮೂರು, ದಿನಾ. ನಾಲ್ಕನೆಯದರಲ್ಲಿ ಬೆರಳು ತಡೆಯಿತು. ತನಗೆ ತೋರಿಸಿರಲಿಲ್ಲ, ಬೇರೆಯವರಿಗೆ ತೋರಿಸಿದ್ದನೋ ಗೊತ್ತಿಲ್ಲ. ಐದನೆಯದು ಹೆಬ್ಬೆರಳು. ಇಷ್ಟು ವರ್ಷ ಅದು ಗಾಳಿ, ಧೂಳು, ರಾಡಿಯ ಹಾಗೆ ಕೆಲಸದ ಜೊತೆ ಬಂದದ್ದು ಎಂದುಕೊಂಡಿದ್ದಳು. ಅದಕ್ಕೆ ಹೆಸರಿದೆ, ಕ್ರಮಸಂಖ್ಯೆಯಿದೆ, ಕಲಬುರಗಿಯಿಂದ ಬಂದು ಹೇಳುವವರಿದ್ದಾರೆ ಎಂಬುದು ಅವಳಿಗೆ ಸಮಾಧಾನವನ್ನೇನೂ ಕೊಡಲಿಲ್ಲ. ತನ್ನ ಮನೆಯ ಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು, ಇಷ್ಟು ದಿನ ಅದಕ್ಕೆ ಅಡ್ಡವಾಗಿ ತಾನೇ ಹಾಸಿಗೆ ಒಟ್ಟಿದ್ದೆ ಎಂದು ತಿಳಿದಂತಾಯಿತು.

"ಮೇಡಂ, ಒಂದ್ ಮಾತ್ರಿ," ಹಿಂದಿನಿಂದ ಅಂಬರಾಯ ಅಂದ, ಭಾಳ ವಿನಯದಿಂದ. "ನಮ್ಮದು ಕಲ್ಲಿನ ಕೆಲಸ. ಇಬ್ರು ಹಿಡೀಬೇಕು. ಕೈಗೆ ಕೈ ತಾಗತದ. ಅದಕ್ಕೂ ಕೇಸ್ ಆದ್ರ ಕಲ್ಲು ಯಾರು ಎತ್ತಬೇಕ್ರಿ, ಕಾನೂನು ಬಂದು ಎತ್ತತದೇನ್ರಿ?"

ಮತ್ತೆ ನಗು. ಮೇಡಂ ಚಹಾದ ಲೋಟ ಕೆಳಗಿಟ್ಟರು. "ಎತ್ತುವಾಗ ತಾಗಿದ್ದು ಕೆಲಸ. ಕಲ್ಲು ಇಳಿಸಿದ ಮ್ಯಾಲೂ ಕೈ ಅಲ್ಲೇ ಇದ್ರ ಅದು ಕೆಲಸ ಅಲ್ಲಣ್ಣ. ನಿಮ್ಮ ಮನಸ್ಸಿನಾಗ ಏನಿತ್ತು ಅಂತ ಕಾನೂನು ಕೇಳೋದಿಲ್ಲ. ಆಕಿಗೆ ಬ್ಯಾಡಾಗಿತ್ತೋ ಇಲ್ಲೋ, ಅದನ್ನ ಕೇಳತದ. ಸುಮ್ಮನಿದ್ಲು ಅಂದ್ರ ಒಪ್ಪಿದ್ಲು ಅಂತ ಅಲ್ಲ."

"ಶಾಬಾಸ್. ಖರೆ ಅದ," ಎಂದು ಅಂಬರಾಯ ತಲೆಯಾಡಿಸಿದ.

ಬಿಡು ಅನ್ನದಿದ್ದರೆ? ನಾಹಿದ ಆ ಪ್ರಶ್ನೆಯನ್ನು ನಾಲಿಗೆಯ ಹಿಂದೆ ಇಟ್ಟುಕೊಂಡು ಕೂತಳು. ಕಲ್ಲು ಇಳಿದಿದೆ, ಆದರೆ ಇಳಿಯಿತೆಂದು ಹೇಳಬೇಕಾದವನು ಹೇಳಿಲ್ಲ. ಹೇಳದ ಹೊರತು ಅದು ಇಳಿದಿಲ್ಲ. ಇದನ್ನು ಮೇಡಂಗೆ ಹೇಗೆ ತಿಳಿಸುವುದು? ಮೊದಲು ಜೋಡಿಯ ವಿಷಯ ಹೇಳಬೇಕು, ಆಮೇಲೆ ಪಟ್ಟಿಯ ವಿಷಯ, ಯಾವ ಕಡೆ ಯಾರು ನಿಲ್ಲುತ್ತಾರೆ ಎಂಬುದು. ಅಷ್ಟು ಮಾತನ್ನು ಅವಳು ಹುಟ್ಟಿದಾಗಿನಿಂದ ಒಟ್ಟಿಗೆ ಆಡಿರಲಿಲ್ಲ. ಅವಳು ಮಾತು ಜೋಡಿಸುವುದರೊಳಗೆ ಮೇಡಂ ದಿನದ ಲೆಕ್ಕಕ್ಕೆ ಬಂದಿದ್ದರು. ಆದದ್ದು ಆದ ದಿನದಿಂದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಡವಾದರೆ ಕಾರಣ ಬರೆದು ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಕೊಡುವುದು ಸಮಿತಿಯ ಕೈಯಲ್ಲಿದೆ. ಕೊಟ್ಟ ಮೇಲೆ ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಬರೆಯಲು ಬರದವಳಿಗೆ ಸಮಿತಿಯವರೇ ಬರೆದುಕೊಡಬೇಕು. ಉಮಾದೇವಿಗೆ ಪೆಟ್ಟಾದದ್ದು ಎಳ್ಳಮಾಸಿ ಕಳೆದ ನಾಲ್ಕನೆಯ ದಿನ, ಜನವರಿ ಇಪ್ಪತ್ತೆರಡು. ಅಪಘಾತದ ರಿಜಿಸ್ಟರಿನಲ್ಲಿ ಸಂಗಮೇಶ್ವರ ಬರೆಯುವಾಗ ಅವಳು ನೋಡಿದ್ದಳು. ಇವತ್ತು ಏಪ್ರಿಲ್ ಇಪ್ಪತ್ತೊಂದು.

"ಸಮಿತಿಯಾಗ ನಾಹಿದ ಅಂದ್ರ ಯಾರು?"

ತಲೆಗಳು ತಿರುಗಿದವು. ಚಾಂದ್‌ಬೀ ಮೊಳಕೈಯಿಂದ ತಿವಿದಳು. ನಾಹಿದ ಎದ್ದು ನಿಂತಳು. ನಿಂತದ್ದೇ ಸಲ್ವಾರಿನ ಹಿಂದೆ ಗೋಣಿಯ ನಾರು ಅಂಟಿರುವುದು ನೆನಪಾಗಿ, ಅದನ್ನು ಅಂಬರಾಯ ನೋಡುತ್ತಿರಬಹುದು ಎನಿಸಿ ಬೆನ್ನು ಉರಿಯಿತು.

"ಈ ವರ್ಷ ಏನಾರ ದೂರು ಬಂದದೇನಮ್ಮ?"

"ಇಲ್ರಿ ಮೇಡಂ, ಏನೂ ಇಲ್ಲ," ಎಂದು ಸಂಗಮೇಶ್ವರ ಫೈಲು ಬಿಚ್ಚಿಯೇಬಿಟ್ಟ. "ವರದಿ ಅದ ನೋಡ್ರಿ, ಆಕಿದೇ ಸಹಿ."

ಮೇಡಂ ಕಾಗದ ನೋಡಿದರು. "ಸಹಿ ಎಷ್ಟ್ ಚಂದ ಅದ," ಅಂದರು. ಆಮೇಲೆ ಕನ್ನಡಕದ ಮೇಲಿಂದ ಅವಳನ್ನೇ ನೋಡಿ, "ನಿನ್ನ ಬಾಯಿಲೆ ಹೇಳಮ್ಮ. ಬಂದದೇನು?" ಎಂದರು. ಅವರು ಕಾದರು. ಅಷ್ಟು ಹೊತ್ತು ಯಾರೂ ಅವಳ ಮಾತಿಗಾಗಿ ಕಾದಿರಲಿಲ್ಲ. ಬೇವಿನ ಗಿಡ ಅಲ್ಲೇ ಹತ್ತು ಹೆಜ್ಜೆಯಲ್ಲಿತ್ತು. "ಇಲ್ರಿ," ಅಂದಳು ನಾಹಿದ.

ಜನವರಿಯ ಆ ದಿನ ಸಾಹುಕಾರರು ಕೇಳಿದಾಗಲೂ ಹೀಗೇ ತುಂಡು ಮಾತು. ಬೆಳಿಗ್ಗೆ ಜೋಡಿ ಹಚ್ಚುವಾಗ ಅಂಬರಾಯ ಒಬ್ಬರು ಕಡಿಮೆ ಎಂದು ಕಣ್ಣು ಹಾಯಿಸಿದ್ದ. ಆ ಕಣ್ಣು ತನ್ನ ಕಡೆ ಬರುವುದು ಕಂಡು ನಾಹಿದ ಬಾಗಿ, ಸರಿಯಾಗಿಯೇ ಇದ್ದ ಪೈಪಿನ ತಂತಿಯನ್ನು ಬಿಗಿದಳು. ಕಣ್ಣು ಮುಂದಕ್ಕೆ ಹೋಯಿತು. "ಉಮಾದೇವಿ, ಬಾ." ಮೂರನೆಯ ಕಲ್ಲೋ ನಾಲ್ಕನೆಯದೋ. ಕಲ್ಲು ಪಟ್ಟಿಯ ಮೇಲೆ ಕೂತದ್ದು ಕೇಳಿಸಿತು. ಬಿಡು ಕೇಳಿಸಲಿಲ್ಲ. ಉಮಾದೇವಿಯ ಕುತ್ತಿಗೆ ಕಂಡಿತು. ಆಮೇಲೆ ಉಮಾದೇವಿ ಯಾರೂ ಮಾಡದ್ದನ್ನು ಮಾಡಿದಳು: ಬಿಡು ಅನ್ನುವ ಮೊದಲೇ ಕೈ ಕಿತ್ತುಕೊಂಡಳು. ಅವಳು ಕಿತ್ತ ರಭಸಕ್ಕೆ ಕಲ್ಲು ಪಟ್ಟಿಯಿಂದ ಹೊರಳಿ ಅವಳ ಬಲಗಾಲಿನ ಮೇಲೆ ಬಿತ್ತು. ರಕ್ತ ರಾಡಿಯಲ್ಲಿ ಕಲೆತು ಗುಲಾಬಿಯಾಗಿ ಹರಿಯಿತು. "ಕೈ ಹಸಿ ಇತ್ತು, ಜಾರ್ತು," ಎಂದ ಅಂಬರಾಯ. ಸಾಹುಕಾರರು ಹತ್ತಿರವಿದ್ದ ನಾಹಿದಳನ್ನು ನೋಡಿದರು. "ಜಾರ್ತೇನು?" "ಹೂಂರಿ, ಜಾರ್ತು." ನೆಲದ ಮೇಲೆ ಬಿದ್ದಿದ್ದ ಉಮಾದೇವಿ ಚೀರುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದ್ದಳು. ಆಸ್ಪತ್ರೆಯಲ್ಲಿ ಅವಳ ಕಾಲಿನ ಎರಡು ಬೆರಳು ತೆಗೆದರು.

ಸಂಜೆ ಆಟೋ ಇಳಿದು ನಾಹಿದ ಮನೆಗೆ ಹೋಗಲಿಲ್ಲ. ಉಮಾದೇವಿ ಅಂಗಳದಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಯಾರದೋ ಮನೆಯ ತೊಗರಿ ಹಸನು ಮಾಡುತ್ತಿದ್ದಳು. ಮೂರು ತಿಂಗಳಲ್ಲಿ ನಾಹಿದ ಈ ಅಂಗಳಕ್ಕೆ ಬಂದಿರಲಿಲ್ಲ. ತನ್ನ ಮನೆಯಿಂದ ಎರಡೇ ಓಣಿ ಆಚೆ.

"ಬಾ ತಂಗಿ, ಕುಂದ್ರು. ರಂಜಾನ್ ಹಬ್ಬಕ್ಕ ಸುರಕುಂಬಾ ಪಾಯಸ ತರ್ತಿ ಅಂತ ದಾರಿ ನೋಡ್ದೆ," ಎಂದಳು ಉಮಾದೇವಿ. ಹಬ್ಬ ಆಗಿ ತಿಂಗಳು ಕಳೆದಿತ್ತು.

ನಾಹಿದ ನಿಂತೇ ಹೇಳಿದಳು. ಫಲಕ, ಮೇಡಂ, ಐದು ಬೆರಳು, ನಾಳೆ ಕಡೇ ದಿನ. ಒಂದರ ಮೇಲೊಂದು ಬಿದ್ದು ಮಾತುಗಳು ತಾವಾಗಿ ಹೊರಬಂದವು. ಉಮಾದೇವಿ ಮೊರ ಅಲುಗಿಸುವುದನ್ನು ನಿಲ್ಲಿಸಲಿಲ್ಲ.

"ಹೋ! ಸಮಿತಿಯಾಕಿ ನೀನೇ ಏನು?" ಅಂದಳು ಕೊನೆಗೆ. "ಹಂಗಾದ್ರ ನಾ ಆವಾಗ್ಲೇ ಕಂಪ್ಲೇಂಟ್ ಕೊಟ್ಟೀನಲ್ಲ ಬೇ. ಬೇವಿನ ಗಿಡದ ಕೆಳಗ. ನೀ ನಕ್ಕಿ."

ನಾಹಿದ ಕೂತಳು. ಉಮಾದೇವಿ ಒಂದು ಕಲ್ಲುಹರಳು ಆರಿಸಿ ಎಸೆದು, ಒಳಗೆ ಕೈ ಚಾಚಿ ಗೂಡಿನಿಂದ ಮಗಳ ಹಳೆಯ ನೋಟ್‌ಬುಕ್ಕು ತೆಗೆದಳು. "ಬರಿ. ಸುಮ್ಮನ್ ಯಾಕ ಅಳ್ತಿ?"

ಬರೆಯಲು ಹಿಡಿದ ಮೇಲೆ ತಿಳಿಯಿತು, ತನ್ನ ಕೈಗೆ ತನ್ನ ಹೆಸರೊಂದೇ ಗೊತ್ತು. 'ನಾನು ಉಮಾದೇವಿ' ಎಂಬ ಎರಡು ಶಬ್ದಕ್ಕೆ ಅಂಗಳದ ಬಿಸಿಲು ಹೊಸ್ತಿಲಿನವರೆಗೆ ಸರಿಯಿತು. ಒತ್ತಕ್ಷರಗಳು ಎಲ್ಲಿ ಕೂರಬೇಕೋ ಕೈಗೆ ಮರೆತಿತ್ತು. ಉಮಾದೇವಿ ಅವಸರ ಮಾಡಲಿಲ್ಲ.

"ಜಾರಿಲ್ಲ ಅಂತ ಬರಿ."

'ಕೈ ಜಾರಿಲ್ಲ.'

"ಅಂವ ಬಿಡು ಅನ್ನಲಿಲ್ಲ ಅಂತ ಬರಿ."

ಬರೆದಳು. ಕಲ್ಲಿನ ಹಿಂದೆ ಕೈ ಏನು ಮಾಡಿತು ಎಂಬುದನ್ನು ಹೇಳಲು ಉಮಾದೇವಿ ಒಮ್ಮೆ ಬಾಯಿ ತೆರೆದು ಮತ್ತೆ ಮುಚ್ಚಿದಳು. ಒಳಗೆ ಅವಳ ಅತ್ತೆ ಕೆಮ್ಮುತ್ತಿದ್ದಳು. "ಆ ಮೇಡಂ ಏನಂದ್ರು, ಮೊದಲನೇದು? ಮೊದಲನೇದು ಅಂತ ಬರಿ. ಅಷ್ಟರಾಗ ತಿಳ್ಕೋಬೇಕು ಅವ್ರು."

'ಮೊದಲನೆಯದು' ಎಂದು ಬರೆದಳು.

"ಕಂಡವ್ರು ಯಾರು ಅಂತ ಕೇಳ್ತಾರಲ್ಲ."

ನಾಹಿದ ತನ್ನ ಹೆಸರು ಬರೆದಳು. ಕೆಳಗೆ ಗೆರೆ ಎಳೆದು, ಎರಡು ಚುಕ್ಕೆ ಇಟ್ಟಳು. ಇಡೀ ಕಾಗದದಲ್ಲಿ ಅದೊಂದೇ ಅಂದವಾಗಿತ್ತು. ಉಮಾದೇವಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು. "ನಾಳಿಗೆ ಕೊಡು. ಆಫೀಸಿನಾಗ, ಕೈಯಾಗ್ ಕೊಡು. ಈ ಸಲ ನಗಬ್ಯಾಡ."

ಬೆಳಿಗ್ಗೆ ಕಾಗದ ಹಾಲಿನ ಪ್ಲಾಸ್ಟಿಕ್ಕಿನೊಳಗೆ, ಎದೆಯ ಹತ್ತಿರ ಇತ್ತು. ಬೆವರಿಗೆ ಪ್ಲಾಸ್ಟಿಕ್ ಅಂಟಿಕೊಂಡು, ಉಸಿರಾಡಿದಾಗಲೆಲ್ಲ ಚರಚರ ಅನ್ನುವುದು ಎಲ್ಲರಿಗೂ ಕೇಳುತ್ತಿದೆ ಎನಿಸುತ್ತಿತ್ತು. ಆಫೀಸಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಅಂಬರಾಯ ಜೋಡಿ ಹಚ್ಚುತ್ತಿದ್ದ. ಇವತ್ತು ಅವಳು ಬಾಗಲಿಲ್ಲ, ಪೈಪು ಮುಟ್ಟಲಿಲ್ಲ. ಕಣ್ಣು ಅವಳ ಮೇಲೆ ಬಂದು ನಿಂತಿತು.

"ಏ ಸದಸ್ಯೆ, ಬಾ ಬಾ. ಇವತ್ತ ನಾನೂ ನೀನೂ ಜೋಡಿ. ಇಬ್ರೂ ಸಮಿತಿಯವ್ರೇ, ಯಾರು ಏನಂತಾರ?"

ಎಲ್ಲರೂ ನಕ್ಕರು. ಚಾಂದ್‌ಬೀಯೂ ನಕ್ಕಳು. ಅದು ನಗುವ ಮಾತೇ ಆಗಿತ್ತು.

ಮೊದಲ ಕಲ್ಲು ನೆಟ್ಟಗೆ ಹೋಯಿತು. ಬಿಡು. ಎರಡನೆಯದೂ. ಬಿಡು. ಹೀಗೇ ಹೋಗಬಹುದು, ಉಮಕ್ಕನಿಗೆ ಅನಿಸಿದ್ದೇ ತಪ್ಪಿರಬಹುದು, ಎಂಬ ಒಂದು ಹಗುರ ಆಸೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂರನೆಯ ಕಲ್ಲು ಪಟ್ಟಿಯ ಮೇಲೆ ಕೂತಿತು. ಅಂಗೈಗೆ ತಿಳಿಯಿತು, ಭಾರ ಇಳಿಯಿತು. ಅವನು ಏನೂ ಅನ್ನಲಿಲ್ಲ. ಕಲ್ಲಿನ ಮೇಲಂಚಿನಲ್ಲಿ ಅವನ ಕಣ್ಣು, ಹಣೆ. ಕೆಳಗೆ ಹಸಿ ಬೆರಳುಗಳು ಅವಳ ಬೆರಳುಗಳ ಮೇಲೆ ಬಂದವು. ಅವಸರವಿಲ್ಲದೆ, ಒಂದರಿಂದ ಇನ್ನೊಂದಕ್ಕೆ, ಮಣಿಕಟ್ಟಿನವರೆಗೆ. ಒಂದು, ಮೈ ಮುಟ್ಟೋದು. ಅವಳಿಗೆ ಈಗ ಅದರ ಹೆಸರು ಗೊತ್ತಿತ್ತು. ಹೆಸರು ಗೊತ್ತಾದ ಮಾತ್ರಕ್ಕೆ ಒಂದು ಬೆರಳೂ ಸಡಿಲಾಗಲಿಲ್ಲ. ಎಂದಿನಿಂದಲೋ ಕಲಿತ ಕೈ ಅದು, ಕಾಲನ್ನು ಕಾಯುತ್ತಿತ್ತು.

"ಮೇಡಂ ಏನಂದ್ರು ತಂಗಿ?" ಅವನು ಬಾಯಿ ಅಲುಗಿಸದೆ ಕೇಳಿದ. "ಕಲ್ಲು ಇಳಿಸಿದ ಮ್ಯಾಲ ಅಂದ್ರಲ್ಲ? ನಾ ಇನ್ನಾ ಬಿಡು ಅಂದಿಲ್ಲ ನೋಡು."

ಅವನು ನಿನ್ನೆ ಕೇಳಿಸಿಕೊಂಡಿದ್ದ. ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವನು ಅವನೇ. ನಾಹಿದ ತನ್ನ ಚಪ್ಪಲಿಯನ್ನೂ ಅದರಿಂದ ಹೊರಗಿದ್ದ ಐದು ಬೆರಳುಗಳನ್ನೂ ನೋಡಿದಳು. ಕೈ ಕಿತ್ತುಕೊಳ್ಳಬಹುದಿತ್ತು. ಉಮಕ್ಕ ಕಿತ್ತುಕೊಂಡಿದ್ದಳು. ಎದೆಯ ಹತ್ತಿರ ಪ್ಲಾಸ್ಟಿಕ್ ಸದ್ದು ಮಾಡಲಿಲ್ಲ, ಅವಳು ಉಸಿರಾಡುತ್ತಿರಲಿಲ್ಲ.

"ಬಿಡು," ಎಂದ ಅಂಬರಾಯ.

ಅವಳು ಬಿಟ್ಟಳು. ಹೋಗಿ ಮುಂದಿನ ಕಲ್ಲಿಗೆ ನಿಂತಳು. ಮಧ್ಯಾಹ್ನದವರೆಗೆ ಎಷ್ಟು ಕಲ್ಲು ಹೊತ್ತರೋ ಎಣಿಸಲಿಲ್ಲ.

ಊಟದ ಹೊತ್ತಿಗೆ ಆಫೀಸಿನ ಬಾಗಿಲು ತೆರೆದಿತ್ತು. ಸಂಗಮೇಶ್ವರ ಫ್ಯಾನಿನ ಕೆಳಗೆ ಡಬ್ಬಿ ಬಿಚ್ಚುತ್ತಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಅವಳು ನಿಂತಳು. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು: ಇದು ಉಮಾದೇವಿಯದು, ತಗೋರಿ. ಮೂರೇ ಶಬ್ದ. ಕೈ ಎದೆಯ ಹತ್ತಿರ ಹೋಯಿತು. ಅವನು ತಲೆ ಎತ್ತಿದ, ಕಣ್ಣು ಅವಳ ಕೈ ಹೋದಲ್ಲಿಗೆ ಹೋಯಿತು, ಕೈ ಓಢಣಿ ಸರಿಮಾಡಿಕೊಂಡು ಕೆಳಗಿಳಿಯಿತು.

"ಏನವ್ವಾ?"

"ಸಹಿ... ಏನಾರ ಸಹಿ ಮಾಡೋದಿತ್ತೇನ್ರಿ?"

ಆ ಮಾತು ಎಲ್ಲಿಂದ ಬಂತೋ. ಆ ಹೊಸ್ತಿಲಿಗೆ ಅವಳು ಬೇರೆ ಯಾವುದಕ್ಕೂ ಎಂದೂ ಬಂದಿರಲಿಲ್ಲ. ನಾಲಿಗೆಗೆ ಆ ಹಾದಿಯೊಂದೇ ಗೊತ್ತಿತ್ತು.

"ಚೊಲೋ ಆತು ನೋಡು, ನಾನೇ ಕರೀಬೇಕಂತಿದ್ದೆ," ಎಂದು ಅವನು ಎಡಗೈಯಿಂದ ಫೈಲು ಎಳೆದ. ನಿನ್ನೆಯ ತಾರೀಖಿನ ಕಾಗದ. ತರಬೇತಿ ನಡೆಯಿತು, ಎಲ್ಲರಿಗೂ ತಿಳಿಯಿತು, ದೂರುಗಳು ಇಲ್ಲ. ಅವಳು ಅಕ್ಷರ ಅಕ್ಷರ ಸವರಿ ಪೂರ್ತಿ ಓದಿದಳು. ಓದಿ ಮುಗಿಸಿದ ಮೇಲೆ ಓಢಣಿಯಿಂದ ಕೈ ಒರೆಸಿಕೊಂಡಳು. ಹೆಸರು. ಗೆರೆ. ಚುಕ್ಕೆಗಳಲ್ಲಿ ಒಂದು ದೊಡ್ಡದಾಯಿತು, ಪೆನ್ನು ಅಲ್ಲೇ ನಿಂತಿತ್ತು.

"ಸಾಕು ಸಾಕು, ಹರೀತದ," ಎಂದು ಸಂಗಮೇಶ್ವರ ಕಾಗದ ಎಳೆದುಕೊಂಡ.

ಐದಕ್ಕೆ ಮಷಿನ್ ನಿಂತಿತು. ಆಟೋ ಭಂಕೂರಿನ ತಿರುವಿಗೆ ಬಂದಾಗ ರಸ್ತೆಯ ಬದಿಯ ಕಲ್ಲಿನ ಮೇಲೆ ಉಮಾದೇವಿ ಕೂತಿದ್ದಳು. ಮಗ್ಗುಲಲ್ಲಿ ಕೋಲು. ತಲೆ ಬಾಚಿ, ಇಸ್ತ್ರಿಯ ಸೀರೆ ಉಟ್ಟಿದ್ದಳು. ಮೂರು ತಿಂಗಳಲ್ಲಿ ಇಷ್ಟು ದೂರ ನಡೆದು ಬಂದದ್ದು ಇದೇ ಮೊದಲು. ಬೆವರು ಇನ್ನೂ ಆರಿರಲಿಲ್ಲ. ನಾಹಿದ ಇಳಿದಳು. ಉಳಿದವರು ಮುಂದೆ ಹೋಗುವವರೆಗೆ ಉಮಾದೇವಿ ಕಾದಳು.

"ಕೊಟ್ಟಿ?"

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಇಲ್ಲ ಅನ್ನಬಹುದಿತ್ತು. ಇಲ್ಲ ಎಂಬುದು ಅವಳ ಬಾಯಿಗೆ ರೂಢಿಯಾದ ಮಾತು. ಸಾಹುಕಾರರ ಫೈಲಿನ ತುಂಬ ಅದೇ ಇತ್ತು. ಅದು ಬೇಕಾದಾಗ ಬರಲಿಲ್ಲ.

"ಹೂಂ."

"ಕೈಯಾಗ?"

"ಹೂಂ."

"ಏನಂದ್ರು?"

"ತಗೊಂಡ್ರು."

ಉಮಾದೇವಿ ಉದ್ದಕ್ಕೆ ಉಸಿರು ಬಿಟ್ಟಳು. ಅವಳ ಮುಖ ಬಿಚ್ಚಿಕೊಂಡಿತು. ಹಲ್ಲು ಕಾಣುವ ಹಾಗೆ ನಕ್ಕಳು. "ಎಷ್ಟ್ ದಿನ ಅಂದ್ರು ಮೇಡಂ? ತೊಂಬತ್ತಲ್ಲ?" ತನ್ನ ಕೈಯ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಒತ್ತುತ್ತ ಎಣಿಸತೊಡಗಿದಳು. ಬಕ್ರೀದ್ ದಾಟಬೇಕು, ಮೊಹರಂ ದಾಟಬೇಕು. ತನ್ನ ಕೈ ಸಾಲದೆ ನಾಹಿದಳ ಕೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಗೆರೆಗಳಲ್ಲಿ ಒಣಗಿ ಕೂತ ಬಿಳಿ ರಾಡಿಯನ್ನು ಸೆರಗಿನಿಂದ ಒರೆಸಿ, ಒಂದೊಂದೇ ಬೆರಳು, ಒಂದೊಂದೇ ಗೆಣ್ಣು ಮುಟ್ಟಿ ಮುಂದುವರಿಸಿದಳು. "ಮೂವತ್ತೊಂದು. ಮೂವತ್ತೆರಡು. ನೀ ಅಲುಗಾಡಬ್ಯಾಡ, ಲೆಕ್ಕ ತಪ್ಪತದ."

ನಾಹಿದ ಕೈ ಎಳೆದುಕೊಳ್ಳಲಿಲ್ಲ.